ಚಳಿಗಾಲದೊಳಗಿನ ಕಾಲ ಎಲ್ಲಿ ಹೋಯಿತು?

ಮಕ್ಕಳೇ, ದಹಿಸರ್‌ನ ಕನ್ನಡ ಮನೆಗಳಲ್ಲಿ ಬೆಳೆಯುವ ನಿಮಗೆ ಒಳಗೆ ಕನ್ನಡ, ಹೊರಗೆ ಮರಾಠಿ. ಎರಡು ಭಾಷೆ ಕೇಳಿ ಪಳಗಿದ ಕಿವಿ ದೊಡ್ಡ ಆಸ್ತಿ. ಅದನ್ನೇ ಹಿಡಿದು ಒಂದು ಪ್ರಯೋಗ ಮಾಡೋಣ.

ಗಲ್ಲದ ಕೆಳಗೆ ಅಂಗೈ ತಾಗಿಸಿಕೊಂಡು ‘ದಹಿಸರ್’ ಎಂದು ನಿಧಾನವಾಗಿ ಹೇಳಿ. ದ, ಹಿ, ಸರ್. ಸ್ಟೇಷನ್ನಿನ ಮರಾಠಿ ಫಲಕದಲ್ಲಿ ನಾಲ್ಕು ಅಕ್ಷರ ಇದ್ದರೂ ಬಾಯಿ ಮಾಡುವುದು ಮೂರೇ ತುಂಡು. ಪ್ರತಿ ತುಂಡಿನಲ್ಲೂ ಒಂದು ಸ್ವರ ಇರುತ್ತದೆ. ಇದಕ್ಕೆ ಉಚ್ಚಾರಾಂಶ ಎಂದು ಹೆಸರು.

ಈಗ ಬೆರಳುಗಳನ್ನು ಗಂಟಲ ಮೇಲಿಡಿ. ‘ಆ’ ಎಂದರೆ ಗಂಟಲು ಝುಂ ಎನ್ನುತ್ತದೆ. ‘ಗ’ ಹೇಳುವಾಗಲೂ ಆ ಅದುರು ನಡೆದೇ ಇರುತ್ತದೆ. ‘ಕ’ ಹೇಳುವಾಗ ಮಾತ್ರ ಅರೆಕ್ಷಣ ನಿಲ್ಲುತ್ತದೆ.

‘ಚಳಿ’ಗೆ ‘ಕಾಲ’ ಸೇರಿಸಿ. ‘ಚಳಿಕಾಲ’ ಆಗಲಿಲ್ಲ, ‘ಚಳಿಗಾಲ’ ಆಯಿತು! ಕ-ದ ಆಚೆ ಈಚೆ ಇರುವ ಸ್ವರಗಳೆರಡೂ ಗಂಟಲನ್ನು ಅದುರಿಸುತ್ತವೆ. ನಡುವೆ ಅದುರನ್ನು ನಿಲ್ಲಿಸಿ ಮತ್ತೆ ಶುರುಮಾಡುವುದಕ್ಕಿಂತ ಹಾಗೇ ಮುಂದುವರಿಸುವುದು ಸುಲಭ. ಹೀಗೆ ಕ, ತ, ಪ ಇದ್ದಲ್ಲಿ ಗ, ದ, ಬ ಬರುವುದನ್ನು ಆದೇಶ ಸಂಧಿ ಎನ್ನುತ್ತೇವೆ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ; ಕಣ್, ಪನಿ ಸೇರಿದರೆ ಕಂಬನಿ. 13ನೇ ಶತಮಾನದಲ್ಲೇ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಸಂಧಿಗಳ ನಿಯಮ ಬರೆದಿಟ್ಟಿದ್ದಾನೆ. ಆದರೆ ಬಾಯಿಯ ಸುಲಭವೊಂದೇ ಕಾರಣವಲ್ಲ, ಭಾಷೆಯ ರೂಢಿಯೂ ಬೇಕು. ‘ಶೀತಕಾಲ’ದಲ್ಲಿ ಎರಡೂ ತುಂಡು ಸಂಸ್ಕೃತದವು; ಅಲ್ಲಿ ಕ ಕ-ವಾಗಿಯೇ ಉಳಿದಿದೆ.

ಮರಾಠಿ ಗೆಳೆಯರು ಚಳಿಗಾಲಕ್ಕೆ ಏನೆನ್ನುತ್ತಾರೆ? ‘ಹಿವಾಳಾ’. ಬೇಸಿಗೆಗೆ ‘ಉನ್ಹಾಳಾ’. ಇವು ಬಹಳ ಹಿಂದೆ ‘ಹಿಮಕಾಲ’, ‘ಉಷ್ಣಕಾಲ’ ಆಗಿದ್ದವು. ತಲೆಮಾರುಗಳ ಬಾಯಲ್ಲಿ ಕ ಮೆತ್ತಗಾಗುತ್ತಾ ಹೋಗಿ ಕೊನೆಗೆ ಇಲ್ಲವೇ ಆಯಿತು. ಈಗ ಉಳಿದಿರುವ ‘ಆಳಾ’ ನಮ್ಮ ‘ಕಾಲ’ವೇ! ಕನ್ನಡದಲ್ಲಿ ಮೆದುವಾಗಿ ನಿಂತ ಸದ್ದು ಮರಾಠಿಯಲ್ಲಿ ಪೂರ್ತಿ ಕರಗಿದೆ.

ದೂರದ ಸ್ವೀಡನ್ನಿನವರೂ ಪದಗಳನ್ನು ಉದ್ದಕ್ಕೆ ಜೋಡಿಸುತ್ತಾರೆ. ಕಬ್ಬಿಣ, ದಾರಿ, ಸ್ಟೇಷನ್ ಎಂಬ ಮೂರು ಮಾತು ಸೇರಿದರೆ ಅವರಿಗೆ ರೈಲು ನಿಲ್ದಾಣ. ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯುತ್ತಾರೆ. ಹೇಳುವಾಗ ಸಾಮಾನ್ಯವಾಗಿ ಮೊದಲ ತುಂಡನ್ನು ಗಟ್ಟಿಯಾಗಿ ಒತ್ತುತ್ತಾರೆ, ಕೊನೆಯ ತುಂಡಿಗೆ ಎರಡನೆಯ ಒತ್ತು ಕೊಡುತ್ತಾರೆ, ನಡುವಿನದನ್ನು ಹಗುರವಾಗಿ ದಾಟಿಸುತ್ತಾರೆ. ಆ ಏರಿಳಿತ ಕೇಳಿದೊಡನೆ ಅಲ್ಲಿನ ಮಕ್ಕಳಿಗೆ ಇದು ಒಂದೇ ಪದ ಎಂದು ತಿಳಿಯುತ್ತದೆ. ನಮಗೆ ಆ ಸುಳಿವು ಕೊಡುವುದು ಬೆಸುಗೆಯಲ್ಲಿರುವ ಗ, ದ, ಬ.

ಇನ್ನು ನಿಮ್ಮ ಸರದಿ. ‘ಮಳೆಗಾಲ’, ‘ಮುಂಗಾರು’, ‘ಹೊಸಗನ್ನಡ’: ಬೆರಳನ್ನು ಗಂಟಲ ಮೇಲಿಟ್ಟು ಒಂದೊಂದನ್ನೂ ಬಿಡಿಸಿ ಹೇಳಿ. ಯಾವ ಅಕ್ಷರ ಮೆತ್ತಗಾಗಿದೆ?