ಮನೆಮಾತೂ ಯಂತ್ರದ ಮಾತೂ

ಹೊಸ ಯಂತ್ರವೊಂದನ್ನು ಮನೆಗೆ ತರುವಾಗ ನಾವು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತೇವೆ: ಬೆಲೆಯೆಷ್ಟು, ಎಷ್ಟು ವರುಷ ಬಾಳೀತು, ನೆರೆಮನೆಯವರಲ್ಲಿ ಇರುವುದಕ್ಕಿಂತ ಇದು ಮೇಲೋ ಕೀಳೋ. ಮೂರನೆಯದನ್ನು ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಆದರೂ ಅಂಗಡಿಯವನು ಅದನ್ನು ಮುಖದಿಂದಲೇ ತಿಳಿದುಕೊಳ್ಳುತ್ತಾನೆ. ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ನಾವು ಕೇಳುವುದಿಲ್ಲ, ಅಂಗಡಿಯವನೂ ಹೇಳುವುದಿಲ್ಲ. ಈ ಯಂತ್ರದ ಕೀಲಿ ಮನೆಯಲ್ಲಿ ಯಾರ ಕೈಯಲ್ಲಿರತಕ್ಕದ್ದು? ಹಾಡುವ ಮತ್ತು ಮಾತನಾಡುವ ಯಂತ್ರಗಳ ವಿಷಯದಲ್ಲಿ ಇದೇ ಮುಖ್ಯವಾದ ಪ್ರಶ್ನೆಯೆಂದು ನಮಗೆ ತೋರುತ್ತದೆ. ಇಂದು ಅದನ್ನೇ ಸ್ವಲ್ಪ ವಿಚಾರಿಸೋಣ.

ಮೊದಲು ಗ್ರಾಮೋಫೋನಿನ ಮಾತು. ಎಡಿಸನ್ ಮಹಾಶಯನು ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದದ್ದು 1877ರಲ್ಲಿ. ಇಪ್ಪತ್ತೈದು ವರುಷಗಳ ತರುವಾಯ, 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳು ತಟ್ಟೆಗಳಿಗೆ ಏರಿದವು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರಿಗೆ ಬಂದು ನೆಲೆಸಿ 1930ರಲ್ಲಿ ಇಲ್ಲಿಯೇ ತೀರಿಕೊಂಡಳು. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಆಗಿನ ತಟ್ಟೆಗಾಗಿ ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ಸಂಗೀತ ಕೆಟ್ಟಿತೆಂದು ಗೊಣಗಿದ ರಸಿಕರಿಗೆ ಕಾರಣವಿಲ್ಲದಿರಲಿಲ್ಲ. ಆದರೆ ಕಚೇರಿಗೆ ಹೋಗುವ ರೂಢಿಯಿಲ್ಲದ ಹೆಂಗಸರಿಗೆ ಆ ಮೂರು ನಿಮಿಷವೂ ಹಿಂದೆ ಇರಲಿಲ್ಲ. ಸಭೆಯಲ್ಲಿ ಮಾತ್ರ ಕೇಳುತ್ತಿದ್ದ ಕಂಠ ಒಳಮನೆಗೂ ಬಂತು. ಆದರೂ ಪೆಟ್ಟಿಗೆಗೆ ಕೀಲಿ ಕೊಡುತ್ತಿದ್ದವರು ಯಜಮಾನರು. ತಟ್ಟೆ ಕೊಳ್ಳುವುದೂ ಅವರ ಅಭಿರುಚಿ, ಮುಳ್ಳು ಇಡುವುದೂ ಅವರ ಹಸ್ತ, ಸಾಕೆನ್ನುವುದೂ ಅವರ ಅಪ್ಪಣೆ.

ಆಮೇಲೆ ರೇಡಿಯೋ ಬಂತು. ಅದರ ಚರಿತ್ರೆಯಲ್ಲಿ ಮೈಸೂರಿಗೆ ಹೆಮ್ಮೆಯ ಸ್ಥಾನವುಂಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ಕೇವಲ 30 ವಾಟು. ಇಂದು ಓದುವ ಮೇಜಿನ ದೀಪಕ್ಕೆ ನಾವು ಅಷ್ಟನ್ನು ಕೊಡಲು ಹಿಂಜರಿಯುವುದಿಲ್ಲ. ಆ ಪುಟ್ಟ ನಿಲಯಕ್ಕಿದ್ದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಒಂದು ಮನೆಯಿಂದ ಹೊರಟು ಇತರ ಮನೆಗಳನ್ನು ಸೇರಿದ ಧ್ವನಿ ಅದು.

ರೇಡಿಯೋ ಪೆಟ್ಟಿಗೆ ನಡುಮನೆಯಲ್ಲಿ ಕಸೂತಿಯ ಬಟ್ಟೆ ಹೊದ್ದು, ಬೀಗರ ಗೌರವದಿಂದ ಕುಳಿತಿರುತ್ತಿತ್ತು. ಅದಕ್ಕೆ ವರುಷ ವರುಷ ಅಂಚೆ ಕಚೇರಿಯಲ್ಲಿ ಹಣ ತೆತ್ತು ಪರವಾನಗಿ ಪಡೆಯಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತುಹೋಯಿತು. ಮನೆಗೆ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಒಂದು ಬಾಯಿ, ಆ ಬಾಯಿಗೆ ಹಲವರು ಹಕ್ಕುದಾರರು. ಅಜ್ಜನಿಗೆ ವಾರ್ತೆ ಬೇಕು, ಅಜ್ಜಿಗೆ ಹರಿಕಥೆ, 1952ರಿಂದಾಚೆಗೆ ಹುಡುಗರಿಗೆ ಸಿಲೋನಿನಿಂದ ಬರುತ್ತಿದ್ದ ಹಿಂದಿ ಚಲನಚಿತ್ರಗೀತೆಗಳ ಮೋಹ. ಅಡಿಗೆಯ ಮನೆಯ ಸೊಸೆಗೆ ಏನು ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಒಗ್ಗರಣೆಯ ಸದ್ದಿನ ನಡುವೆ ಎಷ್ಟು ಕೇಳಿಸಿದರೆ ಅಷ್ಟು ಅವಳ ಪಾಲು. ಪಲ್ಲವಿ ಕೇಳಿದವಳಿಗೆ ಚರಣ ಕೇಳುವ ಭಾಗ್ಯವಿಲ್ಲ. ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವವರು ಒಮ್ಮೆ ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಕೊಂಡಾಡಬೇಕೆಂದು ನಮ್ಮ ವಿಜ್ಞಾಪನೆ.

ಕೀಲಿ ಯಜಮಾನರ ಕೈಯಿಂದ ಜಾರಿದ್ದು ಕ್ರಮಕ್ರಮವಾಗಿ. 1947ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1954ರಲ್ಲಿ ಅದರಿಂದ ಮಾಡಿದ ಕೈಚೀಲದ ರೇಡಿಯೋ ಪೇಟೆಗೆ ಬಂತು. ಮೇಜು ಬಿಟ್ಟು ಏಳಲಾರದ ಪೆಟ್ಟಿಗೆ ಹೊಲಕ್ಕೂ ಹಿತ್ತಿಲಿಗೂ ನಡೆಯಿತು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ಎಂಬ ಕಿರುಯಂತ್ರವನ್ನು ಹೊರತಂದಿತು. ಇದರ ಕಥೆಯಲ್ಲಿ ಒಂದು ಸ್ವಾರಸ್ಯವುಂಟು. ಸಂಸ್ಥೆಯ ಮುಖ್ಯಸ್ಥನಾದ ಅಕಿಯೊ ಮೊರಿಟಾ ಅದನ್ನು ಮನೆಗೆ ಒಯ್ದು ಕಿವಿಗೆ ತೊಟ್ಟು ಕುಳಿತಾಗ ಹೆಂಡತಿಗೆ ಬೇಸರವಾಯಿತಂತೆ. ಒಬ್ಬನೇ ಕೇಳುವುದು ಮರ್ಯಾದೆಯಲ್ಲವೆಂದು ಬಗೆದು ಅವನು ಎರಡು ಜೊತೆ ಕಿವಿತೊಡುಗೆಗಳಿಗೆ ಎರಡು ರಂಧ್ರಗಳನ್ನು ಇಡಿಸಿದನು. ಹಾಡಿನ ನಡುವೆ ಇಬ್ಬರೂ ಮಾತನಾಡಿಕೊಳ್ಳಲು ಒಂದು ಗುಂಡಿಯನ್ನೂ ಮಾಡಿಸಿದನು. ಕೊಂಡವರಿಗೆ ಎರಡನೆಯ ರಂಧ್ರ ಬೇಕಾಗಲಿಲ್ಲ. ಪ್ರತಿಯೊಬ್ಬರೂ ಅದನ್ನು ತಮ್ಮೊಬ್ಬರ ಸ್ವತ್ತೆಂದೇ ಭಾವಿಸಿದರು. ಮುಂದಿನ ಮಾದರಿಗಳಲ್ಲಿ ಆ ರಂಧ್ರವೂ ಗುಂಡಿಯೂ ಮಾಯವಾದವು. ಮನುಷ್ಯರು ಜೊತೆಯಾಗಿ ಕೇಳಲಿ ಎಂದು ಯಂತ್ರ ಮಾಡಿದವನೇ ಬಯಸಿದನು, ಮನುಷ್ಯರು ಒಲ್ಲೆವೆಂದರು. ಆದ್ದರಿಂದ ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಇಂದು ಮೊಬೈಲು ಎಲ್ಲರ ಕೈಯಲ್ಲಿದೆ. ಐದು ಜನರ ಮನೆಯಲ್ಲಿ ಐದು ಪೆಟ್ಟಿಗೆಗಳು, ಐದು ಕೀಲಿಗಳು. ಸೊಸೆ ಹಿಟ್ಟು ನಾದುತ್ತ ತನಗೆ ಬೇಕಾದ ಭಾವಗೀತೆಯನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಕೇಳುತ್ತಾಳೆ. ಇದು ಸಣ್ಣ ಲಾಭವಲ್ಲ. ಹಿಂದಿನ ಒಗ್ಗಟ್ಟು ಮರಳಿ ಬರಲೆಂಬ ಆಸೆಯಿಂದ ಅವಳ ಕಿವಿಯ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ನಷ್ಟವೇ ಇಲ್ಲವೆ? ಎರಡು ನಷ್ಟಗಳು ನಮಗೆ ಕಾಣುತ್ತವೆ. ಮೊದಲನೆಯದು, ಬೇಡದ್ದು ಕಿವಿಗೆ ಬೀಳುವ ಲಾಭ ತಪ್ಪಿಹೋಗಿದೆ. ಒಂದೇ ಪೆಟ್ಟಿಗೆಯಿದ್ದಾಗ ಹುಡುಗರು ಅಜ್ಜನ ಸಂಗೀತವನ್ನು ಶಾಪ ಹಾಕುತ್ತಲೇ ಕೇಳಿದರು. ಇಪ್ಪತ್ತು ವರುಷಗಳ ಮೇಲೆ ಎಲ್ಲಿಯೋ ಒಂದು ಆಲಾಪನೆ ಕೇಳಿದಾಗ ಇದು ಕಾಂಬೋದಿಯಲ್ಲವೆ ಎಂದು ತಮಗೆ ತಾವೇ ಬೆರಗಾದರು. ಯಾರೂ ಕಲಿಸದೆ ಬಂದ ವಿದ್ಯೆ ಅದು. ಪಾಠ ಹೇಳುವ ವೃತ್ತಿಯವರಾದ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಕೇಳಲು ಇಷ್ಟವಿಲ್ಲದವರ ಕಿವಿಗೆ ಏನನ್ನಾದರೂ ಹಾಕುವುದೇ ನಮ್ಮ ಜೀವನೋಪಾಯ. ಈಗಿನ ಯಂತ್ರವಾದರೋ ನಿನ್ನೆ ಮೆಚ್ಚಿದ್ದನ್ನೇ ಇಂದೂ ಬಡಿಸುತ್ತದೆ, ನಾಳೆಗೂ ಅದನ್ನೇ ತೆಗೆದಿಡುತ್ತದೆ. ನಿತ್ಯವೂ ಹಬ್ಬದ ಸಿಹಿಯನ್ನೇ ಉಂಡರೆ ನಾಲಗೆಗೆ ಏನಾಗುವುದೋ ಕಿವಿಗೂ ಅದೇ ಆಗುತ್ತದೆ.

ಎರಡನೆಯ ನಷ್ಟ ಇನ್ನೂ ಗಹನವಾದದ್ದು. ಐದು ಕೀಲಿಗಳಿರುವ ಮನೆಯಲ್ಲಿ ಆರನೆಯವರೊಬ್ಬರು ಇರುವುದುಂಟು. ಅವರು ವಯಸ್ಸಾದವರು. ಮೊಬೈಲಿನ ಅಕ್ಷರ ಅವರ ಕಣ್ಣಿಗೆ ಸಣ್ಣದು, ಗಾಜಿನ ಮೇಲೆ ಬೆರಳಾಡಿಸುವ ವಿದ್ಯೆ ಅವರಿಗೆ ಒಲಿದಿಲ್ಲ. ನಡುಮನೆಯ ರೇಡಿಯೋ ಮೊಳಗುತ್ತಿದ್ದಾಗ ಲೋಕದ ಸುದ್ದಿಯೂ ದೇವರ ನಾಮವೂ ಹವಾಮಾನವೂ ಕೇಳದೆಯೇ ಅವರಲ್ಲಿಗೆ ಬರುತ್ತಿದ್ದವು. ಈಗ ಮನೆಯಲ್ಲಿ ಐವರು ಹಾಡು ಕೇಳುತ್ತಿರುತ್ತಾರೆ, ಆದರೆ ಮನೆ ನಿಶ್ಶಬ್ದ. ಒಬ್ಬರು ನಗುತ್ತಾರೆ, ಏಕೆಂದು ಮುದುಕರಿಗೆ ತಿಳಿಯುವುದಿಲ್ಲ. ಕೇಳಿದರೆ, ಏನೂ ಇಲ್ಲವೆಂಬ ಉತ್ತರ ಬರುತ್ತದೆ. ಹಿಂದೆ ಅಡಿಗೆಯ ಮನೆಯಲ್ಲಿ ಸೊಸೆ ಅರ್ಧ ಹಾಡನ್ನಾದರೂ ಕೇಳುತ್ತಿದ್ದಳು. ಇವರಿಗೆ ಅರ್ಧವೂ ಇಲ್ಲ. ಅನ್ಯಾಯ ಮನೆ ಬಿಟ್ಟು ಹೋಗಲಿಲ್ಲ, ಕೋಣೆ ಬದಲಾಯಿಸಿತು.

ಇದಕ್ಕೆ ಪರಿಹಾರವೇನು? ಬೆಳಕಿನ ಚರಿತ್ರೆ ನಮಗೆ ಒಂದು ದಾರಿ ತೋರುತ್ತದೆ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆ ಬೆಳಕು ಮೆಲ್ಲಗೆ ಮನೆಗಳನ್ನೂ ಹೊಕ್ಕಿತು. ಅದಕ್ಕೆ ಮುಂಚೆ ರಾತ್ರಿಯಾದರೆ ಒಂದು ಲಾಂದ್ರದ ಸುತ್ತ ಮನೆಮಂದಿಯೆಲ್ಲ ಕೂಡಬೇಕಾಗಿತ್ತು. ಕೋಣೆಗೊಂದು ದೀಪ ಬಂದಮೇಲೆ ಎಲ್ಲರೂ ಚದರಿದರು. ಅದಕ್ಕಾಗಿ ಲಾಂದ್ರವನ್ನು ಮರಳಿ ತಂದವರಿಲ್ಲ, ತರಬೇಕಾಗಿಯೂ ಇಲ್ಲ. ಆದರೆ ಕೋಣೆಕೋಣೆಗೂ ವಿದ್ಯುದ್ದೀಪವಿರುವ ಮನೆಗಳಲ್ಲಿಯೂ ಮುಸ್ಸಂಜೆ ದೇವರ ಮುಂದೆ ಒಂದು ಎಣ್ಣೆಯ ದೀಪ ಹಚ್ಚುವವರು ಬಹಳ ಮಂದಿ ಇದ್ದಾರೆ. ಅದು ಕತ್ತಲೆ ಕಳೆಯುವುದಕ್ಕಲ್ಲ. ಹಿಂದೆ ಆವಶ್ಯಕತೆಯಾಗಿದ್ದದ್ದು ಈಗ ಸಂಕಲ್ಪವಾಗಿ ಉಳಿದಿದೆ.

ಕೂಡಿ ಕೇಳುವುದನ್ನೂ ಹಾಗೆಯೇ ಉಳಿಸಿಕೊಳ್ಳಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಕಿವಿತೊಡುಗೆಗಳನ್ನು ಕಳಚಿಟ್ಟು, ಎಲ್ಲರಿಗೂ ಕೇಳಿಸುವಂತಹ ಒಂದು ಪೆಟ್ಟಿಗೆಯನ್ನು ನಡುಮನೆಯಲ್ಲಿಡಬೇಕು. ಅದು ರೇಡಿಯೋ ಆಗಲಿ, ಮೊಬೈಲಿಗೆ ಸೇರಿಸಿದ ಧ್ವನಿವರ್ಧಕವಾಗಲಿ, ಚಿಂತೆಯಿಲ್ಲ. ಒಂದು ನಿಯಮವನ್ನು ಮಾತ್ರ ಬಿಡಕೂಡದು: ಆರಿಸುವ ಸರದಿ ದಿನಕ್ಕೊಬ್ಬರದು. ಇಂದು ಅಜ್ಜಿಯದು, ನಾಳೆ ಸೊಸೆಯದು, ನಾಡಿದ್ದು ಏಳು ವರುಷದ ಮಗುವಿನದು. ಯಜಮಾನರ ಸರದಿಯೂ ಬಂದೇ ಬರುತ್ತದೆ. ಆರಿಸಿದವರನ್ನು ಹಂಗಿಸಬಾರದು, ನಡುವೆ ಎದ್ದು ಹೋಗಬಾರದು. ಮಗು ಆರಿಸಿದ ಹಾಡು ಕಿವಿಗೆ ಕಠಿಣವಾಗಬಹುದು. ನಮ್ಮ ಅಭಿರುಚಿಯನ್ನು ಸಹಿಸಿದ ತಲೆಮಾರುಗಳನ್ನು ನೆನೆದುಕೊಂಡು ಅದನ್ನು ಸಹಿಸಬೇಕು.

ಹಳೆಯ ಕಾಲದಲ್ಲಿ ಕೂಡಿ ಕೇಳಿದ್ದು ಬೇರೆ ಪೆಟ್ಟಿಗೆಯಿಲ್ಲದ್ದರಿಂದ. ಇಂದು ಬೇರೆ ಪೆಟ್ಟಿಗೆಗಳಿದ್ದೂ ಕೂಡಿ ಕೇಳಿದರೆ ಅದಕ್ಕೆ ಹೆಚ್ಚಿನ ಬೆಲೆಯುಂಟು. ಇಂದಿನ ರಾತ್ರಿಯೇ ಆರಂಭಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಮೊದಲನೆಯ ಸರದಿಯನ್ನು ಮನೆಯಲ್ಲಿ ಈವರೆಗೆ ಯಾರೂ ಏನು ಬೇಕೆಂದು ಕೇಳದೆ ಇರುವವರಿಗೆ ಕೊಡಬೇಕೆಂದು ಶ್ರೋತೃಗಳಲ್ಲಿ ನಮ್ಮ ಪ್ರಾರ್ಥನೆ.