ಮನೆಯ ಮಾತು, ಮಕ್ಕಳ ಮನಸ್ಸು

(ಘಾಟ್ಕೋಪರಿನ ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಬೆಳೆಸುವ ಬಗೆಯನ್ನು ಉಪದೇಶಿಸಲು ನಾವು ಎದ್ದು ನಿಂತಿಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರಿಗೆ ಆ ಅಧಿಕಾರವೂ ಇಲ್ಲ. ಆದರೆ ಸಂಜೆಯ ಹೊತ್ತು ವಾಚನಾಲಯದ ಬೀಗದ ಕೈ ನಮ್ಮಲ್ಲಿರುವುದರಿಂದ ಒಂದು ಸಂಗತಿ ಕಣ್ಣಿಗೆ ಬಿದ್ದಿದೆ. ಬಾಗಿಲು ಹಾಕುವ ಹೊತ್ತಾದರೂ ಏಳದ ಹುಡುಗರೆಲ್ಲ ಪರೀಕ್ಷೆಗಾಗಿಯೇ ಕುಳಿತವರಲ್ಲ. ಅರ್ಧ ತಾಸಾದರೂ ಎದುರಿನ ಪುಟ ಮಗುಚಿರುವುದಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹೋದರಾಯಿತು ಎಂಬ ಲೆಕ್ಕ ಕೆಲವರದು.

ಚಾಳಿನ ಒಂದೇ ಖೋಲಿಯಲ್ಲಿ ಜಗಳಕ್ಕೆ ಬೇರೆ ಕೋಣೆಯಿಲ್ಲ. ಹದಿನಾಲ್ಕು ಹದಿನೈದರ ಪ್ರಾಯವಾದರೋ ತನಗೆ ಬೆಲೆಯೆಷ್ಟು ಎಂದು ತೂಗಿ ನೋಡಿಕೊಳ್ಳುವ ಪ್ರಾಯ. ಫೀಸಿನ ಮಾತಿನಿಂದ ಜಗಳ ಎದ್ದರೆ, ತಾನಿಲ್ಲದಿದ್ದರೆ ಇವರಿಬ್ಬರೂ ಸುಖವಾಗಿರುತ್ತಿದ್ದರು ಎಂದೇ ಹುಡುಗ ತಿಳಿಯುತ್ತಾನೆ. ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ.

ಎಲ್ಲಕ್ಕೂ ಹಣದ ಅಡಚಣೆಯೇ ಕಾರಣವೆನ್ನುವವರುಂಟು. 1982ರ ಜನವರಿ 18ರಂದು ಈ ಊರಿನ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾದಾಗ ಸುಮಾರು 2.5 ಲಕ್ಷ ಕಾರ್ಮಿಕರ ಸಂಬಳ ನಿಂತಿತು. ಎಷ್ಟೋ ಮನೆಗಳ ಪಾತ್ರೆ ಒಡವೆ ಅಡವಿಗೆ ಹೋದವು, ಮಕ್ಕಳು ಶಾಲೆ ಬಿಟ್ಟರು. ಆದರೆ ಒಂದೇ ಚಾಳಿನ ಎರಡು ಮನೆಗಳ ಮಕ್ಕಳು ಒಂದೇ ತೆರನಾಗಿ ಕುಗ್ಗಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಅಮೆರಿಕದ ಗ್ಲೆನ್ ಎಲ್ಡರ್ ಎಂಬ ವಿದ್ವಾಂಸರು 1930ರ ದಶಕದ ಮುಗ್ಗಟ್ಟಿನಲ್ಲಿ ಓಕ್ಲೆಂಡಿನಲ್ಲಿ ಬೆಳೆದ 167 ಮಕ್ಕಳ ವೃತ್ತಾಂತವನ್ನು 1974ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಡತನ ಹೆಚ್ಚಾಗಿ ಮನೆಯೊಳಗಿನ ಸಿಡುಕಿನ ಮೂಲಕವೇ ಮಕ್ಕಳನ್ನು ಮುಟ್ಟುತ್ತದೆಂದು ಅವರೂ ಅವರ ಜತೆಗಾರರೂ ಮುಂದೆ ತೋರಿಸಿದರು.

ನಮ್ಮವರಲ್ಲಿ ಇನ್ನೊಂದು ಬಗೆಯ ಸಂಸಾರವುಂಟು. ಗಂಡ ಇಲ್ಲಿ ಹೋಟೆಲಿನಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ. ಹಿಂದೆ ತಾಯಿ ಹೇಳಿದ ದೂರನ್ನು ಕಾಗದಕ್ಕಿಳಿಸುತ್ತಿದ್ದವನು ಎಂಟನೆಯ ಇಯತ್ತೆಯ ಮಗ. ತಂದೆಯ ಸಿಟ್ಟಿನ ಉತ್ತರವನ್ನು ಓದಿ ಹೇಳುವವನೂ ಅವನೇ. ಈಗ ಕಾಗದದ ಬದಲು ಫೋನು ಬಂದಿದೆ, ಆದರೆ ಮಧ್ಯಸ್ಥಿಕೆ ಮಕ್ಕಳ ತಲೆಯಿಂದ ಇಳಿದಿಲ್ಲ. ಒಂದೇ ಖೋಲಿಯಲ್ಲಿದ್ದೂ "ನಿನ್ನ ಅಪ್ಪನಿಗೆ ಊಟಕ್ಕೆ ಬರಲು ಹೇಳು" ಎನ್ನುವ ತಾಯಂದಿರಿದ್ದಾರೆ. ಕೇಳಿಸಿದರೂ ಕೇಳದಂತೆ ಕೂರುವ ತಂದೆಯರೂ ಇದ್ದಾರೆ. ಈ ಕೆಲಸಕ್ಕೆ ಮಗುವನ್ನು ಹಚ್ಚುವುದು ನಮಗೆ ಬೈಗುಳಕ್ಕಿಂತ ಕೆಟ್ಟದ್ದೆನಿಸುತ್ತದೆ.

ಜಗಳವೇ ಆಡಬಾರದೆಂದು ನಾವು ಹೇಳುವುದಿಲ್ಲ. ಹೇಳಿದರೆ ನಮ್ಮ ಮನೆಯವರೇ ನಕ್ಕಾರು. ಆದರೆ ಜಗಳ ಮಕ್ಕಳೆದುರು, ರಾಜಿ ಅವರು ಮಲಗಿದ ಮೇಲೆ ಎಂಬ ಪದ್ಧತಿ ನಮ್ಮಲ್ಲಿದೆ. ಮಕ್ಕಳಿಗೆ ಕಾಣುವುದು ಅರ್ಧ ಕಥೆ ಮಾತ್ರ. ಮುಗಿದ ಜಗಳಕ್ಕಿಂತ ಮುಗಿಯದೆ ಉಳಿದ ಜಗಳವೇ ಮಕ್ಕಳನ್ನು ಹೆಚ್ಚು ಕಲಕುತ್ತದೆಂದು ಮಾರ್ಕ್ ಕಮಿಂಗ್ಸ್ ಮೊದಲಾದವರ ಸಂಶೋಧನೆಗಳು ತಿಳಿಸಿವೆ. ಬೆಳಿಗ್ಗೆ ಚಹದ ಹೊತ್ತಿಗೆ ಅವರ ಎದುರಿನಲ್ಲೇ ನಾಲ್ಕು ಮೃದು ಮಾತಾಡಿದರೆ ನಷ್ಟವೇನು?

ಜಗಳವಿಲ್ಲದಿದ್ದರೂ ಸಾಲದು. ನ್ಯೂಯಾರ್ಕ್ ಪ್ರಾಂತದ 5,000ಕ್ಕೂ ಮಿಕ್ಕಿದ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ವಿಚಾರಿಸಿ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಬರೆದ ಗ್ರಂಥದಲ್ಲಿ, ಕಡಿಮೆ ಅಂಕ ಬಂದಾಗ ಗದರಿಸಿಕೊಂಡವರಿಗಿಂತ, ಮನೆಯವರು ವಿಚಾರಿಸದೆಯೇ ಬಿಟ್ಟವರು ತಮ್ಮನ್ನು ಇನ್ನೂ ಕೀಳಾಗಿ ಕಂಡಿದ್ದರು. ಮಗನ ಗೆಳೆಯರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಹೊಡೆತಬಡಿತದ ಮಾತು ಬೇರೆ. ಅದು ಮನೆಯ ಮಾನವೆಂದು ಮುಚ್ಚಿಡುವಂಥದಲ್ಲ. ಮಕ್ಕಳಿಗಾಗಿ ಈ ಊರಿನಲ್ಲೇ 1996ರಲ್ಲಿ ಹುಟ್ಟಿದ 1098 ಎಂಬ ಫೋನ್ ಸಂಖ್ಯೆಯಿದೆ. ಅದನ್ನು ನಮ್ಮ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇವೆ, ಯಾರೂ ಅಳಿಸಬೇಡಿರಿ.