ಕಿವಿ ತಿರುಗಿದ ಕಡೆ ಮನಸ್ಸು

ಕುದುರೆಯ ಮನಸ್ಸು ತಿಳಿಯಬೇಕಾದರೆ ಮೊದಲು ಅದರ ಕಿವಿ ನೋಡಿ. ಎರಡು ಕಿವಿಗಳೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ಕಿವಿ ಎತ್ತಲೋ ಗಮನ ಅತ್ತ. ಮುಂದಕ್ಕೆ ನಿಮಿರಿದ್ದರೆ ಎದುರಿಗೆ ಏನೋ ಕಂಡಿದೆ. ಒಂದು ಕಿವಿ ಹಿಂದಕ್ಕೆ ಹೊರಳಿದ್ದರೆ ಬೆನ್ನ ಮೇಲಿನ ಸವಾರನ ಕಡೆಗೂ ಗಮನವಿದೆ. ಎರಡೂ ಕಿವಿ ಹಿಂದಕ್ಕೆ ಮಡಚಿ ಕತ್ತಿಗೆ ಅಂಟಿಕೊಂಡವೋ, ದೂರ ಸರಿಯಿರಿ! ಅದಕ್ಕೆ ಸಿಟ್ಟು ಬಂದಿದೆ.

ಹಿಂಗಾಲೊಂದನ್ನು ಮಡಿಸಿ ಗೊರಸಿನ ತುದಿಯನ್ನು ನೆಲಕ್ಕೆ ತಾಗಿಸಿ ನಿಂತಿದ್ದರೆ? ಕೆಳತುಟಿ ಜೋತಿದ್ದು ಕಣ್ಣು ಅರೆಮುಚ್ಚಿದ್ದರೆ ಅದು ನಿಂತಲ್ಲೇ ತೂಕಡಿಸುತ್ತಿದೆ. ಅದೇ ಕಾಲು ಮೇಲೆದ್ದು, ಕಿವಿಯೂ ಮಡಚಿದ್ದರೆ ಒದೆಯಲು ಸಿದ್ಧವಾಗಿದೆ. ಹಾಗಾಗಿ ಒಂದೇ ಅಂಗ ನೋಡಿ ತೀರ್ಮಾನಿಸಬಾರದು.

ಕುದುರೆಯೂ ನಮ್ಮನ್ನು ಓದುತ್ತದೆ, ನಮಗಿಂತ ಚೆನ್ನಾಗಿಯೇ. ನೂರು ವರ್ಷಗಳಿಗೂ ಹಿಂದೆ ಜರ್ಮನಿಯ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು! 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದನ್ನು ಕಂಡು ಹಾನ್ಸ್ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಅದಕ್ಕೆ ಗಣಿತ ಬರುತ್ತಿರಲಿಲ್ಲ ಎಂದು ಆಗ ಹಲವರು ನಿರಾಶರಾದರು. ನನಗಂತೂ ಗಣಿತಕ್ಕಿಂತ ಈ ಜಾಣತನವೇ ದೊಡ್ಡದೆನಿಸುತ್ತದೆ.

ಬಯಲಿನಲ್ಲಿ ಬೇಟೆಯಾಡುವ ಪ್ರಾಣಿಗಳಿಗೆ ಹೆದರಿ ಗುಂಪಾಗಿ ಬಾಳಿದ ಜೀವಿಗೆ ಇಂಥ ಕಣ್ಣು ಬೇಕೇ ಬೇಕು. ಒಂದು ತಲೆಯೆತ್ತಿ ನಿಂತರೆ ಉಳಿದವು ಮೇಯುವುದನ್ನು ಬಿಟ್ಟು ಓಡಲು ಅಣಿಯಾಗಬೇಕು. ಬಯಲಿಗೆ ಬಿಟ್ಟರೆ ಕುದುರೆ ದಿನಕ್ಕೆ ಸುಮಾರು 16 ಗಂಟೆ ಮೇಯುತ್ತದೆ; ಮೇಯುತ್ತಲೇ ನಡೆಯುತ್ತದೆ.

ಅದನ್ನು ತಂದು ಲಾಯದ ನಾಲ್ಕು ಗೋಡೆಗಳ ನಡುವೆ ಕಟ್ಟಿ, ಹೊತ್ತುಹೊತ್ತಿಗೆ ಹುರುಳಿ, ಓಟ್ಸ್ ಇಟ್ಟರೆ ಸಾಕೇ? ಕುದುರೆಯ ಜಠರದಲ್ಲಿ ಆಮ್ಲ ಸದಾ ಜಿನುಗುತ್ತಿರುತ್ತದೆ. ಆ ಆಮ್ಲದ ತೀವ್ರತೆ ತಗ್ಗಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಸುರಿಯುತ್ತದೆ. ಹುಲ್ಲನ್ನು ತುಂಬ ಹೊತ್ತು ಅಗಿಯಬೇಕು, ಕಾಳು ಬೇಗ ಮುಗಿದುಹೋಗುತ್ತದೆ. ಆಮೇಲೆ ಗಂಟೆಗಟ್ಟಲೆ ಹೊಟ್ಟೆ ಖಾಲಿ. ಹೀಗೆ ಹುಣ್ಣಾಗುವ ಕುದುರೆಗಳು ಬಹಳ.

ಅಗಿಯಲೂ ನಡೆಯಲೂ ಸಿಗದ ಕೆಲವು ಕುದುರೆಗಳು ವಿಚಿತ್ರವಾಗಿ ಆಡತೊಡಗುತ್ತವೆ. ಬಾಗಿಲ ಮರವನ್ನು ಹಲ್ಲಿನಿಂದ ಹಿಡಿದು, ಕತ್ತು ಬಿಗಿದು, ಗಾಳಿ ಎಳೆಯುತ್ತವೆ. ಇನ್ನು ಕೆಲವು ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗಾಡುತ್ತವೆ. ನೋಡಿದವರು ಕುಣಿಯುತ್ತಿದೆ ಎಂದು ನಗಬಹುದು. ಅದು ಕುಣಿತವೂ ಅಲ್ಲ, ತುಂಟತನವೂ ಅಲ್ಲ. ಮರ ಕಚ್ಚದಂತೆ ಕತ್ತಿಗೆ ಪಟ್ಟಿ ಬಿಗಿಯುವವರಿದ್ದಾರೆ. ಅದರಿಂದ ಕಚ್ಚುವುದು ನಿಂತೀತು, ಸಂಕಟ ನಿಲ್ಲದು.

ಇಂಗ್ಲೆಂಡಿನ ಸಂಶೋಧಕರು ತೂಗಾಡುವ ಕುದುರೆಗಳ ಲಾಯದಲ್ಲಿ ಕನ್ನಡಿ ಇಟ್ಟು ನೋಡಿದರು. 2002ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ತೂಗಾಟ ತುಂಬ ಕಡಿಮೆಯಾಯಿತು. ಕನ್ನಡಿಯೊಳಗಿನ ಕುದುರೆಯೂ ಜೊತೆಗಾರನಂತೆ ಕಂಡಿರಬೇಕು. ಆದರೂ ನಿಜವಾದ ಜೊತೆಗಾರನಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಕನ್ನಡಿ ಮೈ ಕೆರೆಯುವುದಿಲ್ಲವಲ್ಲ! ಗೆಳೆಯ ಕುದುರೆಗಳು ಎದುರುಬದುರು ನಿಂತು ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತವೆ. ಆಗ ಅವುಗಳ ಎದೆಬಡಿತ ನಿಧಾನವಾಗುತ್ತದೆ. ಸಾಕಿದವರು ಒಪ್ಪಿದರೆ ನೀವೂ ಮಾತಾಡಿಸುತ್ತಾ ಪಕ್ಕದಿಂದ ಹೋಗಿ, ಜೂಲು ಮುಗಿಯುವ ಜಾಗದಲ್ಲಿ ಬೆರಳಿನಿಂದ ಕೆರೆದು ನೋಡಿ. ಮೇಲ್ತುಟಿ ಉದ್ದವಾಗಿ ಚಾಚಿ ಅಲುಗತೊಡಗಿದರೆ, ಇನ್ನಷ್ಟು ಕೆರೆಯಿರಿ ಎಂದರ್ಥ.